ಉಪ್ಪರಿಗೆಯ ಹಲಗೆಗಳು

ನಾರಾವಿಯ ನಮ್ಮ ಹಳೆಯ ಮನೆಯ ಉಪ್ಪರಿಗೆಯಲ್ಲಿ ಒಂದು ಕೋಣೆಯಿದೆ. ತಾಯಿಯವರು ಸಾಮಾಯಿಕಕ್ಕೆ ಕುಳಿತುಕೊಳ್ಳುವುದು ಅಲ್ಲಿಯೇ. 2011ರಲ್ಲಿ ಅದರ ನೆಲದ ಹಲಸಿನ ಹಲಗೆಗಳು ಸವೆದುವೆಂದು ತೆಗೆಸಿ, ಪೇಟೆಯಿಂದ ಚಿಪ್‌ಬೋರ್ಡ್ ತರಿಸಿ ಹಾಸಿದೆ. ಅಗ್ಗದ ವಸ್ತು, ನುಣುಪಾದ ಮೈ, ಎರಡೇ ದಿನದ ಕೆಲಸ. ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ ಒತ್ತಿ ಮಾಡಿದ ಆ ಹಲಗೆ ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನಂತಾಗದೆಂಬುದನ್ನು ನಾನು ವಿಚಾರಿಸಲೇ ಇಲ್ಲ.

2022ರ ಮಳೆಗಾಲದಲ್ಲಿ ಮಾಡಿನ ಒಂದು ಹಂಚು ಒಡೆಯಿತು. ಘಟ್ಟದ ಬುಡದ ನಮ್ಮೂರಿನ ಮಳೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಹನಿ ಬೀಳುವಲ್ಲಿ ಬಕೆಟ್ಟೊಂದನ್ನಿರಿಸಿ ಕೆಳಗಿಳಿದು ಬಂದೆ. ಮರುವರ್ಷ ನೆಲ ಕಾಲಡಿಯಲ್ಲಿ ಕುಸಿಯತೊಡಗಿತು. ಆಚಾರಿಯವರು ಒಂದು ಹಲಗೆಯನ್ನು ಮೀಟಿ ಎತ್ತಿದಾಗ, ಮುರಕಲ್ಲಿನ ಗೋಡೆಯಿಂದ ಹತ್ತಿಬಂದ ಮಣ್ಣಿನ ಕೊಳವೆಗಳೂ ಅವುಗಳೊಳಗೆ ಅಸಂಖ್ಯ ಗೆದ್ದಲುಗಳೂ ಕಂಡವು.

"ಧಣಿಗಳೇ, ಮದ್ದು ಹೊಡೆದುಬಿಡುವಾ. ಒಂದು ಗಂಟೆಯ ಕೆಲಸ" ಎಂದರು ಅವರು.

ನಾನು ಒಪ್ಪುವವನಿದ್ದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿರುವುದು ಶ್ರಾವಕರಿಗೆ ತಿಳಿದದ್ದೇ. ಮನೆ ಕಾಯುವುದು ಆರಂಭೀ ಹಿಂಸೆಯಲ್ಲವೇ, ಗೃಹಸ್ಥನಿಗೆ ಅದು ಪೂರ್ತಿ ತಪ್ಪಿದ್ದಲ್ಲವಲ್ಲ ಎಂಬ ಉತ್ತರ ನಾಲಗೆಯ ತುದಿಯಲ್ಲಿತ್ತು. ತಾಯಿಯವರು ಬೇಡವೆನ್ನಲಿಲ್ಲ. "ಹಂಚು ಒಡೆದದ್ದು ಯಾವಾಗ ಮಗಾ?" ಎಂದಷ್ಟೇ ಕೇಳಿದರು.

ನನ್ನ ಉತ್ತರ ನಾಲಗೆಯಲ್ಲೇ ಉಳಿಯಿತು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯನ್ನು ಪ್ರಮಾದದೊಂದಿಗೆ ಜೋಡಿಸಿ ಹೇಳಿರುವುದನ್ನು ನಾನು ಎಷ್ಟೋ ಬಾರಿ ಓದಿದ್ದೇನೆ. ಆ ಬಕೆಟ್ಟನ್ನಿರಿಸಿ ಬಂದ ದಿನವೇ ನನ್ನ ಹಿಂಸೆ ಆರಂಭವಾಗಿತ್ತು. ಮದ್ದಿನ ಪ್ರಶ್ನೆ ಅದರ ಬಾಲ ಮಾತ್ರ.

ಮದ್ದು ತರಿಸಲಿಲ್ಲ. ಮೊದಲು ಮಾಡನ್ನು ಸರಿಪಡಿಸಿ, ಕೊಳವೆಗಳನ್ನು ಒಡೆದು, ಕಿಟಕಿ ತೆರೆದು ಕೋಣೆಯನ್ನು ಹಲವು ದಿನ ಒಣಗಲು ಬಿಟ್ಟೆವು. ಬೆಳಕೂ ಒಣಗಾಳಿಯೂ ಗೆದ್ದಲಿಗೆ ಸೇರವು. ಬಹುಪಾಲು ತಾವಾಗಿ ಹಿಂಜರಿದವು. ಹಲಗೆಯೊಳಗೆ ಉಳಿದವನ್ನು ಹಲಗೆಸಹಿತ ತೋಟದಾಚೆಯ ಹುತ್ತದ ಬಳಿ ಇಟ್ಟು ಬಂದೆವು. ತನ್ನ ಗೂಡಿನಿಂದ ಅಗಲಿದ ಗೆದ್ದಲು ಹೆಚ್ಚು ಕಾಲ ಬದುಕದೆಂಬುದು ನನಗೆ ಗೊತ್ತು. ಆದುದರಿಂದ ಅದನ್ನು ದಯೆಯೆಂದು ಹೇಳಿಕೊಳ್ಳಲಾರೆ.

ಹೊಸ ನೆಲಕ್ಕೆ ಮತ್ತೆ ಹಲಸನ್ನೇ ಆರಿಸಿದೆವು, ಮರ ಕಡಿಸದೆ: ಕೆಡವಿದ ಮನೆಯೊಂದರ ಹಲಗೆಗಳು ದೊರೆತವು. ತೊಲೆಗಳ ಅಂತರ ಎರಡಡಿ. ತೆಳು ಚಿಪ್‌ಬೋರ್ಡ್ ಅಲ್ಲಿ ಬಾಗದೆ ನಿಲ್ಲುವುದು ಮೊದಲೇ ಕಷ್ಟವಿತ್ತೆಂದು ಆಚಾರಿಯವರು ಆಮೇಲೆ ತಿಳಿಸಿದರು. ಹಲಗೆಗಳ ಅಡಿಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆವು. ಅದರ ಘಾಟು ಒಂದು ತಿಂಗಳಿತ್ತು. ತಾಯಿಯವರು ಅಷ್ಟು ದಿನ ಚಾವಡಿಯಲ್ಲಿಯೇ ಕುಳಿತರು.

ಬಸದಿಗಳ ಆಡಳಿತ ನೋಡುವವರಿಗೆ ಇದೆಲ್ಲ ಹೊಸತಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಕೆಳಗೆ ಶಿಲೆ, ಮೇಲೆ ಮರ. ಅಲ್ಲಿಗೆ ಹೋದಾಗ ನಾನೀಗ ಕಂಬಗಳಿಗಿಂತ ಮೊದಲು ಮಾಡಿನತ್ತ ನೋಡುತ್ತೇನೆ.

ನಮ್ಮ ಮುನಿಗಳು ಜೀವಹಾನಿಯಾಗಬಾರದೆಂದು ಮಳೆಗಾಲದಲ್ಲಿ ವಿಹಾರ ನಿಲ್ಲಿಸುತ್ತಾರೆ. ನಾವು ಅದಕ್ಕೂ ಮುನ್ನ, ಮೇ ತಿಂಗಳಲ್ಲೇ, ಏಣಿಯಿಟ್ಟು ಮಾಡು ಹತ್ತುತ್ತೇವೆ. ಕಳೆದ ಬಾರಿ ಎರಡು ಹಂಚು ಬಿರುಕುಬಿಟ್ಟಿದ್ದವು. ಅಂದೇ ಬದಲಿಸಿದೆವು.