ಜಾವಾದವರು, ಬುಲೆಟ್‌ನವರು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ಬೆಳಗಿನ ಹೊತ್ತು ನಿಂತರೆ ಈ ಸೀಮೆಯ ರೈತರಿಗೆ ಯಾವ ಗಾಡಿಯ ಮೇಲೆ ನಂಬಿಕೆ ಎಂಬುದು ಯಾರನ್ನೂ ಕೇಳದೆ ಗೊತ್ತಾಗುತ್ತದೆ. ಎತ್ತ ನೋಡಿದರೂ ಟಿವಿಎಸ್ ಎಕ್ಸ್‌ಎಲ್. ಮುಂದೆ ಕಾಲಿಡುವ ಜಾಗದಲ್ಲಿ ಒಂದು ಚೀಲ, ಹಿಂದೆ ಅಡ್ಡಲಾಗಿ ಇನ್ನೊಂದು. ಗೂಡು ತೂಕವಿಲ್ಲದ, ಆದರೆ ಜಾಗ ತಿನ್ನುವ ಸರಕು. ಅಮುಕಿ ಕಟ್ಟುವಂತಿಲ್ಲ, ಗೂಡು ನಜ್ಜಾಗುತ್ತದೆ. ತಡ ಮಾಡುವಂತೆಯೂ ಇಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬಂದರೆ ಆ ಗೂಡಿನಿಂದ ನೂಲು ಬಿಚ್ಚಲಾಗದು. ಹೀಗಾಗಿ ಇಲ್ಲಿ ಗಾಡಿ ಎಂದರೆ ಮೊದಲು ಕೆಲಸ, ಆಮೇಲೆ ಶೋಕಿ.

ಶೋಕಿಯೂ ಇದೆ. ಆ ಎಕ್ಸ್‌ಎಲ್ ಗಾಡಿಗಳ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ಮೆರೂನ್ ಬಣ್ಣದ ಜಾವಾ ಬಂದು ನಿಲ್ಲುತ್ತದೆ. ಟ್ಯಾಂಕಿನ ಎರಡೂ ಮಗ್ಗುಲಿಗೆ ಕ್ರೋಮಿಯಂ, ಮೊಣಕಾಲು ಒತ್ತಿಕೊಳ್ಳುವಲ್ಲಿ ರಬ್ಬರು, ನಂಬರ್ ಪ್ಲೇಟಿನಲ್ಲಿ ಮೈಸೂರು ರಾಜ್ಯದ ಕಾಲದ ಎಂ.ವೈ. ಅಕ್ಷರಗಳು. ಹುಡುಗರು ಸುತ್ತ ಸೇರುತ್ತಾರೆ. ಯಾರಾದರೂ ಒಬ್ಬರು ಬೆಲೆ ಕೇಳಿಯೇ ಕೇಳುತ್ತಾರೆ. ಸವಾರ ಮಾರುವ ಮಾತಿರಲಿ, ಓಡಿಸಲು ಕೂಡ ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ಎದುರಿಗೆ ಒಬ್ಬ ಬುಲೆಟ್‌ನವರು ಸಿಕ್ಕಿದರಂತೂ ಟೀ ಅಂಗಡಿಯ ಮುಂದೆ ಮಾತು ಏರುತ್ತದೆ.

“ಎಷ್ಟಾದ್ರೂ ಬುಲೆಟ್ ಬುಲೆಟ್ಟೇ ಅಣ್ಣ. ನಿಮ್ದು ಬರೀ ಹೊಗೆ ಗಾಡಿ.”

“ಹೊಗೆ ಬಿಟ್ರೆ ಬಿಡ್ಲಿ ಬಿಡಪ್ಪ. ನಿಮ್ಮ ಗಾಡಿ ಥರ ನಿಂತ ಜಾಗದಲ್ಲೆಲ್ಲ ಆಯಿಲ್ ಸುರಿಸಲ್ವಲ್ಲ.”

ಈ ಜಗಳ ನನಗೆ ತುಂಬ ಇಷ್ಟ. ಇಬ್ಬರ ಮಾತೂ ನಿಜ. ಜಾವಾ ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು, ಆ ಆಯಿಲ್ ಸುಟ್ಟು ಹೊಗೆಯಾಗಿ ಬರುತ್ತದೆ. ಹಳೆಯ ಬುಲೆಟ್‌ನ ಎಂಜಿನ್ನಿನ ಜೋಡಣೆಗಳಲ್ಲಿ ಆಯಿಲ್ ಜಿನುಗುವುದು ಊರಿಗೇ ಗೊತ್ತಿರುವ ಸಂಗತಿ. ಆದರೆ ಈ ದೋಷಗಳ ಪಟ್ಟಿ ಹಿಡಿದು ಯಾರೂ ಪಕ್ಷ ಬದಲಿಸಿದ್ದನ್ನು ನಾನು ಕಂಡಿಲ್ಲ. ಹಾಗಾದರೆ ಈ ನಿಷ್ಠೆ ಎಲ್ಲಿಂದ ಬರುತ್ತದೆ?

ಕಾಲಿನಿಂದ ಬರುತ್ತದೆ ಎಂದು ನನ್ನ ನಂಬಿಕೆ. ಹಳೆಯ ಬುಲೆಟ್‌ನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಜಾವಾದಲ್ಲಿ ಇದು ತಿರುವುಮುರುವು. ಅಲ್ಲದೆ ಜಾವಾದಲ್ಲಿ ಕಿಕ್ಕರೂ ಗೇರಿನ ಲಿವರೂ ಒಂದೇ. ಎಡಗಡೆ ಇರುವ ಆ ಲಿವರನ್ನು ಒಳಕ್ಕೆ ಒತ್ತಿ, ಹಿಂದಕ್ಕೆ ಎತ್ತಿ ನಿಲ್ಲಿಸಿ ಒದೆಯಬೇಕು. ಎಂಜಿನ್ ಎದ್ದ ಮೇಲೆ ಅದನ್ನೇ ಮುಂದಕ್ಕೆ ತಂದರೆ ಗೇರು. ಕ್ಲಚ್ ಹಿಡಿಯದೆಯೂ ಗೇರು ಬದಲಿಸಬಹುದು. ಕಾಲು ಲಿವರನ್ನು ಒತ್ತಿದ ಕೂಡಲೇ ಒಳಗೆ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ. ಬುಲೆಟ್‌ನ ಶಾಸ್ತ್ರವೇ ಬೇರೆ. ಆಂಪಿಯರ್ ಮೀಟರಿನ ಮುಳ್ಳನ್ನು ನೋಡುತ್ತ ಕಿಕ್ಕರನ್ನು ಮೆತ್ತಗೆ ಒತ್ತಬೇಕು. ಮುಳ್ಳು ನಡುವಿಗೆ ಬಂದಾಗ ಡಿಕಂಪ್ರೆಷನ್ ಲಿವರ್ ಹಿಡಿದು ಪಿಸ್ಟನ್ನನ್ನು ಒಂದಿಷ್ಟು ದಾಟಿಸಿ, ಆಮೇಲೆ ಒಂದೇ ಒದೆತ. ಇದು ತಿಳಿಯದೆ ಒದ್ದವರ ಕಾಲಿಗೆ ಕಿಕ್ಕರ್ ತಿರುಗಿ ಬಡಿಯುತ್ತದೆ. ಹದಿನೆಂಟರ ವಯಸ್ಸಿನಲ್ಲಿ ಅಪ್ಪನೋ ದೊಡ್ಡಪ್ಪನೋ ಪಕ್ಕದಲ್ಲಿ ನಿಂತು ಕಲಿಸಿದ ಈ ವಿದ್ಯೆ ಮೈಗೆ ಇಳಿದ ಮೇಲೆ ಇನ್ನೊಂದು ಗಾಡಿ ಪರಕೀಯವಾಗಿಯೇ ಉಳಿಯುತ್ತದೆ. ನಾವು ಆರಿಸಿಕೊಂಡೆವು ಎಂದುಕೊಳ್ಳುತ್ತೇವೆ. ನಿಜಕ್ಕೆ ಬಹುಪಾಲು ಜನ ಮನೆಯ ಜಗಲಿಯ ಮುಂದೆ ಮೊದಲೇ ನಿಂತಿದ್ದ ಗಾಡಿಯನ್ನೇ ಮೆಚ್ಚಿದವರು.

ಶಬ್ದದ ಮಾತೂ ಹೀಗೆಯೇ. ಬುಲೆಟ್‌ನ ಎಂಜಿನ್ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ, ಜಾವಾದ್ದು ಸುತ್ತು ಸುತ್ತಿಗೂ. ಒಂದು ಬಿಡಿಸಿ ಬಿಡಿಸಿ ಹೊಡೆದ ತಮಟೆ, ಇನ್ನೊಂದು ಅದೇ ತಮಟೆಯ ಜೋರು ನಡೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವ ಜಾವಾ ದಿಬ್ಬೂರಹಳ್ಳಿ ರಸ್ತೆಯಲ್ಲಿ ಬರುತ್ತಿದ್ದರೆ, ಇಂಥವರೇ ಬಂದರು ಎಂದು ಮನೆಯೊಳಗಿನಿಂದಲೇ ಹೇಳುವ ಹೆಂಗಸರು ನಮ್ಮ ಕಡೆ ಇದ್ದಾರೆ.

ಜಾವಾ ನಮ್ಮ ರಾಜ್ಯದ್ದೇ ಗಾಡಿ ಎಂಬ ಅಭಿಮಾನವೂ ಇದರಲ್ಲಿ ಸೇರಿದೆ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಪರವಾನಗಿ ಪಡೆದು ರುಸ್ತುಂ ಇರಾನಿ, ಫರೋಖ್ ಇರಾನಿ ಅವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು, ಆಮೇಲೆ ರೋಡ್‌ಕಿಂಗ್ ಬಂತು. ಇಲ್ಲೂ ಒಳಪಂಗಡಗಳುಂಟು. ಜಾವಾದವರು ಯೆಜ್ಡಿಯನ್ನು ತಮ್ಮನೆಂದು ಒಪ್ಪುತ್ತಾರೆ, ಸಮನೆಂದು ಒಪ್ಪುವುದಿಲ್ಲ. ರೋಡ್‌ಕಿಂಗ್‌ನವರು ವೇಗದ ಮಾತೆತ್ತಿ ಇಬ್ಬರನ್ನೂ ಹಿಂದೆ ಹಾಕುತ್ತಾರೆ. 1980ರ ದಶಕದ ನಡುವಿನಲ್ಲಿ ನೂರು ಸಿಸಿಯ ಜಪಾನಿ ತಂತ್ರಜ್ಞಾನದ ಗಾಡಿಗಳು ಬಂದವು. ಹೀರೋ ಹೋಂಡಾ ಮೈಲೇಜು ಕೊಟ್ಟಿತು, ಯಮಹಾ ಆರ್‌ಎಕ್ಸ್ 100 ಓಟ ಕೊಟ್ಟಿತು. ಯೆಜ್ಡಿಗೆ ಮಾರುಕಟ್ಟೆ ಕುಗ್ಗಿತು, ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಅಲ್ಲಿಂದ ಮುಂದಿನ ಕಥೆ. 2018ರ ಕೊನೆಯಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ತರುವವರೆಗೆ ಇಪ್ಪತ್ತೆರಡು ವರ್ಷ ಈ ಗಾಡಿಗೆ ಶೋರೂಮ್ ಇರಲಿಲ್ಲ, ಜಾಹೀರಾತು ಇರಲಿಲ್ಲ, ಸರ್ವೀಸ್ ಸೆಂಟರ್ ಇರಲಿಲ್ಲ. ಆದರೂ ಜುಲೈ ತಿಂಗಳ ಎರಡನೇ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವ ಜನ ಬೆಂಗಳೂರು, ಮೈಸೂರುಗಳಲ್ಲಿ ವರ್ಷ ವರ್ಷವೂ ಸೇರಿದರು. ಕಂಪನಿಯೇ ಇಲ್ಲದ ಮೇಲೆ ಇದು ಯಾವ ಕಂಪನಿಯ ಮೇಲಿನ ನಿಷ್ಠೆ? ಇದನ್ನು ಉಳಿಸಿದವರು ನಮ್ಮ ಮೆಕ್ಯಾನಿಕ್‌ಗಳು. ಚಿಂತಾಮಣಿ, ಚಿಕ್ಕಬಳ್ಳಾಪುರಗಳಂಥ ಊರುಗಳ ಹಳೇ ಗ್ಯಾರೇಜುಗಳಲ್ಲಿ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡಿ ಕಾರ್ಬುರೇಟರಿನ ಕಾಯಿಲೆ ಹೇಳುವವರು. ಸಿಲಿಂಡರ್ ಬೋರ್ ಮಾಡಿಸಿ, ಸಿಗದ ಬುಷ್ಷನ್ನು ಲೇತಿನಲ್ಲಿ ಕಡೆಸಿ ಕೂರಿಸುವವರು. ಜಾವಾದವರು ನಿಷ್ಠರಾಗಿರುವುದು ಈ ಕೈಗಳಿಗೆ. ಈ ಸೀಮೆಯಲ್ಲಿ ಯಾರಾದರೂ ಗಾಡಿ ಕೊಳ್ಳುವ ಮುಂಚೆ ಕೇಳುವ ಪ್ರಶ್ನೆಯೂ ಅದೇ: “ಇದನ್ನ ಬಿಚ್ಚೋರು ಯಾರಿದಾರೆ?”

ಅಮೆರಿಕದಲ್ಲೂ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಅಲ್ಲಿ ಫೋರ್ಡ್‌ನ ಮನೆಯವರು ಷೆವರ್ಲೆ ಕೊಳ್ಳುವುದಿಲ್ಲ, ಷೆವರ್ಲೆಯವರು ಕ್ರೈಸ್ಲರ್ ಬಳಗದ ಕಡೆ ತಿರುಗಿ ನೋಡುವುದಿಲ್ಲ. ಸ್ಟುಡಿಬೇಕರ್ 1966ರಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು. ಪ್ಲಿಮತ್ 2001ರಲ್ಲಿ ಇಲ್ಲವಾಯಿತು. ಅವುಗಳ ಸಂಘಗಳು ಈಗಲೂ ಇವೆ, ಸದಸ್ಯರು ಇವತ್ತಿಗೂ ಬಿಡಿಭಾಗ ಹುಡುಕಿ ಹಂಚಿಕೊಳ್ಳುತ್ತಾರೆ. ಈ ಎರಡು ಹೆಸರುಗಳೂ ನಮಗೆ ಹೊರಗಿನವಲ್ಲ. ಬಿರ್ಲಾ ಅವರ ಹಿಂದೂಸ್ತಾನ್ ಮೋಟರ್ಸ್ ಸ್ಟುಡಿಬೇಕರ್ ಜೋಡಿಸುತ್ತಿತ್ತು. ಮುಂಬಯಿಯಲ್ಲಿ ವಾಲ್‌ಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಕ್ರೈಸ್ಲರ್ ಜೊತೆ ಕೂಡಿ ಡಾಡ್ಜ್, ಪ್ಲಿಮತ್ ಕಾರುಗಳನ್ನೂ ಫಾರ್ಗೋ ಲಾರಿಗಳನ್ನೂ ಹೊರತಂದಿತು.

ಆ ಕಾರ್ಖಾನೆ ಬೆಂಗಳೂರಿಗೆ ಬರಬಹುದಾಗಿತ್ತು ಎಂಬುದು ನಮ್ಮ ಜಿಲ್ಲೆಯವರು ನೆನಪಿಡಬೇಕಾದ ಸಂಗತಿ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು ಭಾರತದಲ್ಲೇ ಕಾರು ಮಾಡುವ ಯೋಜನೆ ಬರೆದರು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು. ವಾಲ್‌ಚಂದ್ ಅವರ ಜೊತೆಗೂಡಿದರು. ಮೈಸೂರು ಸಂಸ್ಥಾನ ಒಲವು ತೋರಿಸಿತು, ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಕೈಗೂಡಿದ್ದರೆ ನಮ್ಮ ಟೀ ಅಂಗಡಿಗಳ ಮುಂದೆ ಇವತ್ತು ಡಾಡ್ಜ್‌ನವರು, ಪ್ಲಿಮತ್‌ನವರು ಎಂಬ ಪಂಗಡಗಳೂ ಇರುತ್ತಿದ್ದವು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹೊಸ ಜಾವಾ ಫೋರ್ ಸ್ಟ್ರೋಕ್, ಎಂಜಿನ್ ತಣಿಸಲು ರೇಡಿಯೇಟರ್ ಇದೆ, ಹೊಗೆ ಇಲ್ಲ. ಒಳ್ಳೆಯ ಗಾಡಿಯೇ. ಆದರೆ ಹಳಬರ ಮನಸ್ಸು ಅದಕ್ಕೆ ಪೂರ್ತಿ ಒಲಿಯಲಿಲ್ಲ, ಒಲಿಯಬೇಕೆಂದು ಕೇಳುವುದೂ ಸರಿಯಲ್ಲ. ಹೆಸರು ಕೊಳ್ಳಬಹುದು, ಇಪ್ಪತ್ತೆರಡು ವರ್ಷ ಕೈಗೆ ಗ್ರೀಸು ಮೆತ್ತಿಕೊಂಡು ಸಂಪಾದಿಸಿದ ಸಲಿಗೆ ಕ್ರಯಕ್ಕೆ ಸಿಗುವುದಿಲ್ಲ. ಹಾಗೆಯೇ, ಎಕ್ಸ್‌ಎಲ್ ಓಡಿಸುವ ರೈತನನ್ನು ಕಡಿಮೆಯಾಗಿ ನೋಡುವ ಅಭಿಮಾನಿಗಳ ಜೊತೆ ನನಗೆ ತಕರಾರಿದೆ. ನಂಬಿದ ಗಾಡಿಯಲ್ಲಿ ಗೂಡು ಕೆಡದಂತೆ ಹರಾಜಿಗೆ ತರುವವನ ಆಯ್ಕೆಯಲ್ಲಿ ಎಲ್ಲರಿಗಿಂತ ಹೆಚ್ಚು ವಿವೇಚನೆ ಇದೆ.

ಕೊಟ್ಟಿಗೆಯಲ್ಲೋ ಹುಳುಮನೆಯ ಮಗ್ಗುಲಲ್ಲೋ ಹಳೆಯ ಜಾವಾ, ಯೆಜ್ಡಿ, ರಾಜದೂತ್, ಬುಲೆಟ್ ನಿಲ್ಲಿಸಿಕೊಂಡಿರುವ ಮನೆಗಳು ಈ ತಾಲ್ಲೂಕಿನಲ್ಲಿ ಇನ್ನೂ ಇವೆ. ಅವರಿಗೆ ನನ್ನದೊಂದು ವಿನಂತಿ: ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಮಾಡಿಸಬಹುದು. ಆದರೆ ಆ ನೋಂದಣಿಯಲ್ಲಿ ದಿನಬಳಕೆಗೆ ಓಡಿಸುವಂತಿಲ್ಲ. ಓಡಿಸುವ ಆಸೆ ಇದ್ದವರು ಎಫ್.ಸಿ. ಮಾಡಿಸಿ ಮಾಮೂಲಿ ಆರ್.ಸಿ.ಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುವುದು ಒಳ್ಳೆಯದು. ಟ್ರಂಕಿನ ತಳದಲ್ಲಿ ಅಪ್ಪನ ಕಾಲದ ಆರ್.ಸಿ. ಪುಸ್ತಕ ಇದೆಯೇ ಎಂದು ಇವತ್ತೇ ಹುಡುಕಿ. ಗಾಡಿಯ ಗಟ್ಟಿತನ ಬಲ್ಲ ಮೆಕ್ಯಾನಿಕ್ ಇನ್ನೂ ಅಂಗಡಿ ತೆರೆಯುತ್ತಿರುವಾಗಲೇ ಅವರ ಹತ್ತಿರ ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ನಿಮ್ಮ ಮಗನನ್ನೋ ಮಗಳನ್ನೋ ನಿಲ್ಲಿಸಿಕೊಳ್ಳಿ.