ಹಾಲಿನ ಫ್ಯಾಟು, ಸೊಂಟದ ಟೇಪು

ಬೆಳಗಿನ ಆರೂವರೆ. ತೂಬಗೆರೆಯ ಹಾಲಿನ ಡೇರಿ ಮುಂದೆ ಕ್ಯಾನುಗಳ ಸಾಲಿನ ಪಕ್ಕ ನಿಂತಿದ್ದೀರಿ. ಚಳಿಗೆ ತಲೆಗೆ ಟವೆಲ್ ಸುತ್ತಿಕೊಂಡವರು ಒಬ್ಬೊಬ್ಬರಾಗಿ ಹಾಲು ಸುರಿಯುತ್ತಾರೆ. ಸ್ಯಾಂಪಲ್ಲು ಮಿಷನ್ನಿಗೆ ಹೋಗುತ್ತದೆ, ಚೀಟಿ ಕೈಗೆ ಬರುತ್ತದೆ.

"ಫ್ಯಾಟ್ ಎಷ್ಟ್ ಬಂತಣ್ಣ?"

"ಮೂರು ಎಂಟು."

"ನಿನ್ನೆ ನಾಕಿತ್ತಲ್ಲ!"

ಹಸುವಿನ ಕೊಬ್ಬಿಗೆ ದಿನಕ್ಕೆರಡು ಸಲ ಪಾಯಿಂಟ್ ಸಮೇತ ಲೆಕ್ಕ ಇಡುವ ಜನ. "ನಿಮ್ಮ ರಕ್ತದಲ್ಲಿ ಕೊಬ್ಬು ಎಷ್ಟಿದೆ?" ಎಂದು ಕೇಳಿ ನೋಡಿ, ನಗುತ್ತಾರೆ.

ಹಾಗೆ ನಕ್ಕವರೊಬ್ಬರ ಹಿಂದೆ ಹೊರಡಿ. ವಯಸ್ಸು 44. ಕೈಕಾಲು ಕಡ್ಡಿ, ಶರ್ಟಿನ ಕೆಳಗಿನ ಎರಡು ಗುಂಡಿ ಮಾತ್ರ ಬಿಗಿದುಕೊಂಡಿವೆ. ಮೊಪೆಡ್ಡಿಗೆ ಖಾಲಿ ಕ್ಯಾನು ಸಿಕ್ಕಿಸಿ ಟೀ ಅಂಗಡಿ ಮುಂದೆ ನಿಲ್ಲಿಸುತ್ತಾರೆ. ಒಂದು ಟೀ, ಒಂದು ಬೀಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಅಪ್ಪು ನಗುತ್ತಿದ್ದಾರೆ. ಇವರು ಎದೆಯ ನಡುವೆ ಅಂಗೈ ಒತ್ತಿಕೊಂಡು ತೇಗುತ್ತಾರೆ. ನೀವು ಕೇಳುವ ಮೊದಲೇ ಉತ್ತರ: "ಗ್ಯಾಸು."

ಕನ್ನಡ ನಾಡಿನಲ್ಲಿ ಇಷ್ಟು ದುಬಾರಿಯಾದ ಪದ ಇನ್ನೊಂದಿರಲಾರದು. ಎದೆ ಹಿಂಡಿದರೂ ಗ್ಯಾಸು, ದವಡೆ ಸೆಳೆದರೂ ಗ್ಯಾಸು, ಎಡತೋಳು ಜೋಮು ಹಿಡಿದು ಮೈ ಬೆವರಿದರೂ ಗ್ಯಾಸು. ಸೋಡಾ ಕುಡಿದು, ಓಂಕಾಳು ಅಗಿದು, ಒಂದು ಗಳಿಗೆ ಮಲಗಿ ನೋಡೋಣ ಎನ್ನುವಷ್ಟರಲ್ಲಿ, ಹೆಪ್ಪುಗಟ್ಟಿದ ನಾಳದ ಆಚೆ ಹೃದಯದ ಸ್ನಾಯು ಸಾಯತೊಡಗಿರುತ್ತದೆ. 2021ರ ಅಕ್ಟೋಬರ್ 29ರಂದು ಆ ಕ್ಯಾಲೆಂಡರಿನ ಅಪ್ಪು, ನಟ ಪುನೀತ್ ರಾಜ್‌ಕುಮಾರ್, 46ಕ್ಕೇ ಹೋದಾಗ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಈಗ ಅವರದೇ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ತಾಲೂಕು ಮಟ್ಟದಲ್ಲೇ ಇಸಿಜಿ ತೆಗೆಯುತ್ತಾರೆ. ಹಾರ್ಟ್ ಅಟ್ಯಾಕ್ ಎಂದು ಖಾತ್ರಿಯಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ. ಸೋಡಾ ಕುಡಿದು ಮಲಗಿದವನ ಮಂಚದ ಹತ್ತಿರಕ್ಕೆ ಮಾತ್ರ ಅದು ನಡೆದು ಬರುವುದಿಲ್ಲ.

ಮನೆ ಬಂತು. ಜಗಲಿಯ ಮೇಲೆ ಆಶಾ ಕಾರ್ಯಕರ್ತೆ ಆಗಲೇ ಕೂತಿದ್ದಾಳೆ. ತೊಡೆಯ ಮೇಲೆ ಫಾರಂ, ಕೈಯಲ್ಲಿ ದರ್ಜಿಯ ಟೇಪು. 30 ದಾಟಿದವರನ್ನೆಲ್ಲ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು.

"ನಿಂತ್ಕಳಣ್ಣ ಸ್ವಲ್ಪ. ಹೊಟ್ಟೆ ಎಳ್ಕೋಬ್ಯಾಡ, ಉಸಿರು ಬಿಡು."

ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತುತ್ತದೆ. ನೀವೂ ಬಗ್ಗಿ ನೋಡುತ್ತೀರಿ: 94 ಸೆಂಟಿಮೀಟರ್.

"ಮೂಳೆ ಚಕ್ಕಳ ಆಗಿವ್ನಿ, ನಂಗ್ಯಾಕ್ ತಾಯಿ ಇದು?"

ಮೋಸ ಹೋಗುವುದು ಅಲ್ಲೇ. ನಮ್ಮ ಕಡೆಯವರ ಕೊಬ್ಬು ತೋಳಿಗೆ, ತೊಡೆಗೆ ಹೋಗದೆ ಹೊಟ್ಟೆಯೊಳಗೆ, ಈಲಿಯ ಸುತ್ತ ಸೇರಿಕೊಳ್ಳುವುದು ಹೆಚ್ಚು. ಅದರಿಂದ ಇನ್ಸುಲಿನ್ ಪಟ್ಟು ಸಡಿಲವಾಗುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ. ತಕ್ಕಡಿ ಏನನ್ನೂ ಹೇಳುವುದಿಲ್ಲ. ಅದಕ್ಕೇ ದಕ್ಷಿಣ ಏಷ್ಯಾದ ಗಂಡಸರಿಗೆ ಸೊಂಟದ ಮಿತಿ 90, ಹೆಂಗಸರಿಗೆ 80. 52 ದೇಶಗಳ ರೋಗಿಗಳನ್ನು ಸೇರಿಸಿಕೊಂಡ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದವರಲ್ಲಿ ಸುಮಾರು 59. ಐದಾರು ವರ್ಷ ಎಂದರೆ ಮಗಳ ಮದುವೆ, ಮಗನ ಡಿಗ್ರಿ.

ಆಶಾ ಅಂಕ ಹಾಕುತ್ತಾ ಹೋಗುತ್ತಾಳೆ. ವಯಸ್ಸಿಗೆ ಎರಡು. ದಿನಾ ಬೀಡಿ, ಎರಡು. ಸೊಂಟಕ್ಕೆ ಒಂದು. ಕುಡಿತ ಇಲ್ಲ, ಸೊನ್ನೆ.

"ಮೈ ಬಗ್ಗಿಸೋ ಕೆಲಸ?"

"ಹೊಲದ ಕೆಲ್ಸ ಇಲ್ವಾ?"

"ಯಾವ ಹೊಲಣ್ಣ? ಲೇಔಟಿಗೆ ಕೊಟ್ಟು ಮೂರು ವರ್ಷ ಆಯ್ತಲ್ಲ." ಇನ್ನೊಂದು ಅಂಕ. "ಮನೇಲಿ ಯಾರಿಗಾದ್ರೂ ಬಿಪಿ, ಶುಗರ್, ಹಾರ್ಟು?"

"ಅಪ್ಪ ಕಣದಲ್ಲೇ ಬಿದ್ದೋದ. ಐವತ್ತಾಗಿತ್ತೇನೋ. ಗಾಳಿ ಮೆಟ್ಕಂತು ಅಂದ್ರು."

ಅವಳ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಗಾಳಿಗೆ ಫಾರಮ್ಮಿನಲ್ಲಿ ಜಾಗವಿಲ್ಲ. ಎರಡು ಎಂದು ಬರೆಯುತ್ತಾಳೆ.

ಒಟ್ಟು ಎಂಟು. ನಾಲ್ಕು ದಾಟಿದರೆ ಆಸ್ಪತ್ರೆಗೆ ಕಳಿಸಬೇಕು. ಬಿಪಿ ನೋಡಬೇಕು, ಬೆರಳು ಚುಚ್ಚಿ ಶುಗರ್ ನೋಡಬೇಕು. ಆ ಗ್ಯಾಸು ಯಾವಾಗ ಬರುತ್ತದೆ, ಉಬ್ಬು ಹತ್ತುವಾಗಲಾ, ಉಂಡ ಮೇಲಾ ಎಂದು ಡಾಕ್ಟರು ಕೇಳಬೇಕು.

"ಇವತ್ತೇ ಹೋಗಣ್ಣ. ಬೀಡಿನೂ ಬಿಡು."

"ಎರಡೂ ಒಂದೇ ದಿನವಾ?" ಅವರು ಅವಳು ಕೊಟ್ಟ ಚೀಟಿಯನ್ನು ಮಡಿಸಿ ಡೇರಿ ಪಾಸ್‌ಬುಕ್ಕಿನೊಳಗೆ ಇಡುತ್ತಾರೆ. ಮನೆಯಲ್ಲಿ ಕಳೆದುಹೋಗದ ಪುಸ್ತಕ ಅದೊಂದೇ.

ಇಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ಹೆಂಡತಿ ಹೊರಗೆ ಬರುತ್ತಾರೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಕೊಟ್ಟಿಗೆ ಬಾಚಿದವರು. ಉಪ್ಪಿನಕಾಯಿ ಭರಣಿ, ಪಾಮಾಯಿಲ್ ಪಾಕೀಟು ಎರಡೂ ಅವರ ಸುಪರ್ದಿನಲ್ಲಿವೆ. ಅವರನ್ನು ಇದುವರೆಗೆ ಯಾರೂ ಏನೂ ಕೇಳಿಲ್ಲ, ನೀವೂ ಕೇಳಲಿಲ್ಲ.

"ನಂದೂ ಅಳೀಯೇ."

ಸೆರಗಿನ ಮರೆಯಲ್ಲಿ ಟೇಪು ಸುತ್ತುತ್ತದೆ. 87.

"ಅಂದ್ರೆ ನಾನು ಪಾಸಾ?"

"ನಿಂಗೆ ಎಂಬತ್ತಕ್ಕ."

ಅಡುಗೆಮನೆಯಲ್ಲಿ ಹಾಲು ಉಕ್ಕಿದ ಸದ್ದಾಗುತ್ತದೆ. ಟೇಪು ಸೊಂಟದಲ್ಲೇ ಇರುವಂತೆ ಅವರು ಒಳಗೆ ಓಡುತ್ತಾರೆ.