ತುಂಬಿದ ಬಸ್ಸಿನ ಲೆಕ್ಕ

ಪರಿಸರ ಎಂದ ಕೂಡಲೇ ನಮಗೆ ಕಾಡು, ಕೆರೆ, ಹುಲಿ ನೆನಪಾಗುತ್ತವೆ. ಜೂನ್ 5 ಬಂದರೆ ಶಾಲೆಯ ಅಂಗಳದಲ್ಲಿ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಬಸ್ ಡಿಪೋ ಯಾರಿಗೂ ನೆನಪಾಗುವುದಿಲ್ಲ. ನನಗೆ ಮಾತ್ರ ನೆನಪಾಗುತ್ತದೆ. ನಾನು ಬೆಳೆದ ಮೊಹಲ್ಲಾದಲ್ಲಿ ಮೂರು ಮನೆಗೊಬ್ಬರು ಡಿಪೋದವರಿದ್ದರು. ಒಬ್ಬರು ಮೆಕ್ಯಾನಿಕ್, ಒಬ್ಬರು ಟಿಂಕರಿಂಗ್ ಕೆಲಸದವರು, ಒಬ್ಬರು ಟೈರ್ ವಿಭಾಗದವರು, ಇನ್ನೊಬ್ಬರು ಡ್ರೈವರ್. ಅವರ ಖಾಕಿ ಬಟ್ಟೆಯ ಗ್ರೀಸ್ ಕಲೆ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ.

ಡ್ರೈವರ್ ಚಾಚಾ ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು ‘ಕೆಎಂಪಿಎಲ್’. ಅಂದರೆ ಒಂದು ಲೀಟರ್ ಡೀಸೆಲ್‌ಗೆ ಬಸ್ಸು ಎಷ್ಟು ಕಿಲೋಮೀಟರ್ ಓಡಿತು ಎಂಬ ಲೆಕ್ಕ. ನಮ್ಮ ಸಾರಿಗೆ ನಿಗಮಗಳಲ್ಲಿ ಡ್ರೈವರ್‌ಗಳ ಹೆಸರಿನಲ್ಲಿ ಈ ಲೆಕ್ಕ ಬರೆದಿಡುತ್ತಾರೆ. “ದೂರದಲ್ಲಿ ಸ್ಟಾಪು ಕಂಡ ಕೂಡಲೇ ಕಾಲು ಎತ್ತಿಬಿಡಬೇಕು ಬೇಟಿ, ಗಾಡಿ ತಾನಾಗಿಯೇ ಹೋಗಿ ನಿಲ್ಲುತ್ತೆ. ಜೋರಾಗಿ ಹೋಗಿ ಬ್ರೇಕ್ ಒತ್ತಿದರೆ ಸುಟ್ಟ ಡೀಸೆಲ್ಲೆಲ್ಲ ದಂಡ” ಎನ್ನುತ್ತಿದ್ದರು. ತಟ್ಟೆಯಲ್ಲಿ ಅನ್ನ ಬಿಟ್ಟರೆ ಅಮ್ಮಿ ‘ಇಸ್ರಾಫ್’ ಎಂದು ಗದರುತ್ತಿದ್ದರು. ಚಾಚಾ ಅದೇ ಪದವನ್ನು ಡೀಸೆಲ್‌ಗೂ ಬಳಸುತ್ತಿದ್ದರು. ದುಂದುಗಾರಿಕೆ ಎಲ್ಲಿದ್ದರೂ ದುಂದುಗಾರಿಕೆಯೇ ತಾನೆ! ಡಿಪೋದೊಳಗೆ ಸವೆದ ಟೈರಿಗೆ ಹೊಸ ರಬ್ಬರ್ ಹಚ್ಚಿ ಮತ್ತೆ ರಸ್ತೆಗಿಳಿಸುತ್ತಿದ್ದರು. ಕೆಎಸ್‌ಆರ್‌ಟಿಸಿ ಇತ್ತೀಚಿನ ವರ್ಷಗಳಲ್ಲಿ ನೂರಾರು ಹಳೆಯ ಬಸ್ಸುಗಳನ್ನು ತನ್ನದೇ ಕಾರ್ಯಾಗಾರಗಳಲ್ಲಿ ದುರಸ್ತಿ ಮಾಡಿ ಹೊಸದರಂತೆ ಓಡಿಸಿದೆ. ಇದನ್ನು ಪರಿಸರ ರಕ್ಷಣೆ ಎಂದು ಆಗ ಯಾರೂ ಕರೆಯಲಿಲ್ಲ. ಉಳಿತಾಯ ಎಂದರು, ಅಷ್ಟೆ.

ಆದರೆ ಬಸ್ಸು ಪರಿಸರಕ್ಕೆ ಮಾಡುವ ದೊಡ್ಡ ಉಪಕಾರ ಡಿಪೋದ ಹೊರಗಿದೆ. ಸರಳ ಲೆಕ್ಕ ನೋಡಿ. ಸಾಮಾನ್ಯ ಬಸ್ಸು ಲೀಟರ್ ಡೀಸೆಲ್‌ಗೆ ಸುಮಾರು 5 ಕಿ.ಮೀ. ಓಡುತ್ತದೆ. ಬೈಕು ಲೀಟರ್ ಪೆಟ್ರೋಲಿಗೆ ಸುಮಾರು 50 ಕಿ.ಮೀ. ಓಡುತ್ತದೆ. ಬಸ್ಸಿನಲ್ಲಿ 50 ಜನ ಇದ್ದರೆ ಒಬ್ಬೊಬ್ಬರ ಪಾಲಿಗೆ ಬರುವ ಇಂಧನ, ಒಬ್ಬನೇ ಕೂತ ಬೈಕಿನ ಐದನೇ ಒಂದು ಭಾಗ. ಹತ್ತೇ ಜನ ಇದ್ದರೆ ಎರಡೂ ಸಮ. ಅದಕ್ಕಿಂತ ಕಡಿಮೆಯಾದರೆ ಬಸ್ಸೇ ಸೋಲುತ್ತದೆ. ಖಾಲಿ ಬಸ್ಸು ಪರಿಸರವನ್ನು ಕಾಯುವುದಿಲ್ಲ, ತುಂಬಿದ ಬಸ್ಸು ಕಾಯುತ್ತದೆ. ಬೆಂಗಳೂರಿನ ಬಿಎಂಟಿಸಿ 2010ರ ಫೆಬ್ರವರಿಯಲ್ಲಿ ‘ಬಸ್ ದಿನ’ ಆರಂಭಿಸಿ, ಪ್ರತಿ ತಿಂಗಳ 4ರಂದು ಸ್ವಂತ ವಾಹನ ಬಿಟ್ಟು ಬನ್ನಿ ಎಂದು ಜನರನ್ನು ಕೇಳಿಕೊಂಡದ್ದು ಇದೇ ಕಾರಣಕ್ಕೆ. ತಿಂಗಳಿಗೊಂದು ದಿನ ಸಾಲದು ಎಂಬುದು ಬೇರೆ ಮಾತು. ಇಂದು ಆ ಒಂದು ನಗರದಲ್ಲೇ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ.

ಇನ್ನೊಂದು ಲೆಕ್ಕವಿದೆ. ಅದನ್ನು ಹೆಂಗಸರೇ ಹೇಳಬೇಕು. ನಮ್ಮಂಥ ಮನೆಗಳಲ್ಲಿ ಹೆಣ್ಣುಮಗಳು ಆಸ್ಪತ್ರೆಗೋ ತವರಿಗೋ ಹೋಗಬೇಕಾದರೆ ತಮ್ಮನೋ ಗಂಡನೋ ಬೈಕಿನಲ್ಲಿ ಬಿಡಬೇಕು. ಅವನು ಬಿಟ್ಟು ವಾಪಸು ಬರುತ್ತಾನೆ. ಸಂಜೆ ಮತ್ತೆ ಹೋಗಿ ಕರೆತರುತ್ತಾನೆ. ಒಬ್ಬಳ ಒಂದು ಕೆಲಸಕ್ಕೆ ಬೈಕು ಅದೇ ದಾರಿಯಲ್ಲಿ ನಾಲ್ಕು ಸಲ ಓಡುತ್ತದೆ. ಅವನ ಅರ್ಧ ದಿನದ ದುಡಿಮೆ ಹೋಯಿತು. ಅವಳೋ ಅವನ ಬಿಡುವಿಗೆ ಕಾದು ಕೂತಳು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಉಚಿತವಾಯಿತು. ಗಂಡಸರು ನಕ್ಕರು, ಹೆಂಗಸರು ದೇವಸ್ಥಾನ, ದರ್ಗಾ ಎಂದು ಸುತ್ತುತ್ತಾರೆಂದು ಹಾಸ್ಯ ಮಾಡಿದರು. ಸುತ್ತಿದರೆ ತಪ್ಪೇನು? 2025ರ ಜುಲೈ ಹೊತ್ತಿಗೆ ಈ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಇವರೆಲ್ಲ ಸ್ಕೂಟರ್ ಬಿಟ್ಟು ಬಂದವರೆಂದು ನಾನು ಹೇಳುವುದಿಲ್ಲ. ಎಷ್ಟೋ ಮಂದಿ ಮೊದಲು ಮನೆಯಲ್ಲೇ ಉಳಿದವರು, ಬಿಸಿಲಿನಲ್ಲಿ ನಡೆದವರು. ಆದರೆ ನನ್ನ ಖಾಲಾ ಈಗ ಆಧಾರ್ ಕಾರ್ಡ್ ಹಿಡಿದು ಒಬ್ಬರೇ ಆಸ್ಪತ್ರೆಗೆ ಹೋಗಿಬರುತ್ತಾರೆ. ಅವರ ಮಗನ ಬೈಕಿನ ನಾಲ್ಕು ಓಡಾಟ ಉಳಿಯಿತು. ಹೆಣ್ಣಿನ ಸ್ವಾತಂತ್ರ್ಯ ಮತ್ತು ಊರಿನ ಗಾಳಿ ಒಂದೇ ಸೀಟಿನಲ್ಲಿ ಕೂತು ಬರುತ್ತವೆ ಎಂದು ನನಗೆ ತಿಳಿದದ್ದು ಆಗ.

ಗಾಳಿಯ ಮಾತು ನಮ್ಮ ಮನೆಗೆ ದೂರದ್ದಲ್ಲ. ಬೆಂಗಳೂರಿನಲ್ಲಿ ನನ್ನ ತಂಗಿಯ ಮನೆ ಮುಖ್ಯರಸ್ತೆಗೆ ಅಂಟಿಕೊಂಡಿದೆ. ಅವಳ ಏಳು ವರ್ಷದ ಮಗಳಿಗೆ ಉಬ್ಬಸ. ರಾತ್ರಿ ನೆಬ್ಯುಲೈಸರ್ ಸದ್ದಿಗೆ ಇಡೀ ಮನೆ ಎದ್ದು ಕೂರುತ್ತದೆ. ರಸ್ತೆ ಕಡೆಯ ಕಿಟಕಿ ತೆರೆಯಬೇಡಿ ಎಂದಿದ್ದಾರೆ ಡಾಕ್ಟರು. ಆ ಮಗುವಿನ ದೃಷ್ಟಿಯಿಂದ ನೋಡಿದರೆ ವಿದ್ಯುತ್ ಬಸ್ಸು ದೊಡ್ಡ ಕೃಪೆ. ಬಿಎಂಟಿಸಿ 2014ರಲ್ಲಿ ಒಂದು ವಿದ್ಯುತ್ ಬಸ್ಸನ್ನು ಮೂರು ತಿಂಗಳು ಪ್ರಯೋಗಕ್ಕೆ ಓಡಿಸಿತು. 2021ರ ಕೊನೆಯಿಂದ ಅಂಥ ಬಸ್ಸುಗಳು ನಿಜವಾಗಿ ಬರತೊಡಗಿ ಈಗ ಸಾವಿರ ದಾಟಿವೆ. ಕಲ್ಲಿದ್ದಲಿನ ಕರೆಂಟಾದರೆ ಹೊಗೆ ರಾಯಚೂರಿನ ಚಿಮಣಿಯಲ್ಲಿ ಏಳುತ್ತದೆ, ನಿಜ. ಅದರೆ ನಮ್ಮ ರಾಜ್ಯದಲ್ಲಿ ಗಾಳಿ, ಬಿಸಿಲು, ನೀರಿನ ಕರೆಂಟೂ ಧಾರಾಳವಾಗಿದೆ.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಈ ಬಸ್ಸುಗಳಲ್ಲಿ ಹೆಚ್ಚಿನವು ನಿಗಮದ ಸ್ವಂತದ್ದಲ್ಲ. ಖಾಸಗಿ ಕಂಪನಿಗಳು ಬಸ್ಸನ್ನೂ ಡ್ರೈವರನ್ನೂ ಕೊಡುತ್ತವೆ, ದುರಸ್ತಿಯನ್ನೂ ನೋಡಿಕೊಳ್ಳುತ್ತವೆ. ನಿಗಮ ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಡುತ್ತದೆ. ಕಂಡಕ್ಟರ್ ಮಾತ್ರ ನಿಗಮದವರು. ಹಾಗಾದರೆ ನಮ್ಮ ಮೊಹಲ್ಲಾದ ಆ ಖಾಕಿ ಎಲ್ಲಿ ಹೋಯಿತು? ಮೆಕ್ಯಾನಿಕ್ ಚಾಚಾನ ಪಿಂಚಣಿಯಲ್ಲಿ ಇಬ್ಬರು ಹೆಣ್ಣುಮಕ್ಕಳ ನಿಕಾಹ್ ಆಯಿತು. ಅವರ ಮೊಮ್ಮಗ ಐಟಿಐ ಮುಗಿಸಿ ಕೂತಿದ್ದಾನೆ. ಒಂದು ಮಗುವಿನ ಉಸಿರಿಗೆ ಇನ್ನೊಬ್ಬನ ಅನ್ನ ಬೆಲೆಯಾಗಬಾರದು. ಅವನಂಥವರಿಗೆ ಬ್ಯಾಟರಿ, ಮೋಟಾರಿನ ಕೆಲಸ ಕಲಿಸಿ ಅದೇ ಡಿಪೋದಲ್ಲಿ ಕಾಯಂ ಕೆಲಸ ಕೊಡುವುದೂ ಪರಿಸರ ನೀತಿಯ ಭಾಗವಾಗಬೇಕು.

ನಾವು ಮಾಡಬೇಕಾದದ್ದೂ ಇದೆ. ನಮ್ಮ ಜಮಾಅತ್‌ಗಳು, ಶಾಲಾ ಸಮಿತಿಗಳು, ಮಹಿಳಾ ಸಂಘಗಳು ಮೋರಿಗೆ, ಬೀದಿದೀಪಕ್ಕೆ, ಕಬರಸ್ತಾನದ ಗೋಡೆಗೆ ಅರ್ಜಿ ಬರೆಯುತ್ತವೆ. ಅದೇ ಅರ್ಜಿಯಲ್ಲಿ ಇನ್ನೆರಡು ಸಾಲು ಸೇರಲಿ: ನಮ್ಮ ಬಡಾವಣೆಗೆ ಹೇಳಿದ ಹೊತ್ತಿಗೆ ಬರುವ ಬಸ್ಸು ಬೇಕು. ಕತ್ತಲಾದ ಮೇಲೂ ಹೆಣ್ಣುಮಕ್ಕಳು ನಂಬಿ ಕಾಯಬಹುದಾದ ಬಸ್ಸು ಬೇಕು.